ಶೋಧಕ ಋಣ ಬಂದಾಗ ಏನು ಮಾಡಬೇಕು? ವರ್ಗ ಸಮೀಕರಣದ ಸಂಕೀರ್ಣ ಮೂಲಗಳಿಗೊಂದು ಸಮಗ್ರ ಮಾರ್ಗದರ್ಶಿ

ನಿಮ್ಮ ಹತ್ತಿರ 20 ಮೀಟರ್ ತಂತಿ ಇದೆ. ಅಷ್ಟರಲ್ಲೇ ಸುತ್ತ ಬೇಲಿ ಹಾಕಿ 40 ಚದರ ಮೀಟರಿನ ಒಂದು ಸೊಪ್ಪಿನ ಮಡಿ ಮಾಡಬೇಕು. ಮಡಿ ಆಯತಾಕಾರದಲ್ಲಿರಬೇಕು. ಉದ್ದ ಎಷ್ಟಿಡುತ್ತೀರಿ, ಅಗಲ ಎಷ್ಟಿಡುತ್ತೀರಿ?

ಸುತ್ತಳತೆ 20 ಅಂದರೆ ಉದ್ದ, ಅಗಲ ಎರಡೂ ಸೇರಿ 10. ಉದ್ದವನ್ನು ಯ ಅಂದುಕೊಂಡರೆ ಅಗಲ 10 − ಯ. ಎರಡನ್ನೂ ಗುಣಿಸಿದರೆ 40 ಬರಬೇಕು.

ಯ(10 − ಯ) = 40
ಯ² − 10ಯ + 40 = 0

(ನಿಮ್ಮ ಪುಸ್ತಕದಲ್ಲಿ ಎಕ್ಸ್ ಇರುವ ಕಡೆ ನಾನು ಯ ಬರೆಯುತ್ತಿದ್ದೇನೆ. ಇದು ನನ್ನ ಹೊಸ ಶೋಕಿಯೇನಲ್ಲ. ನಮ್ಮ ಹಳೆಯ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ ತಾವತ್' ಅನ್ನುತ್ತಿದ್ದರು, ಚಿಕ್ಕದಾಗಿ 'ಯಾ' ಎಂದು ಬರೆಯುತ್ತಿದ್ದರು.)

ಹತ್ತನೇ ಕ್ಲಾಸಿನ ಸೂತ್ರ ಹಾಕಿ. ಶೋಧಕ, ಅಂದರೆ ಸೂತ್ರದಲ್ಲಿ ವರ್ಗಮೂಲದ ಒಳಗೆ ಬರುವ ಸಂಖ್ಯೆ, 100 − 160 = −60. ಋಣ ಬಂತು. "ವಾಸ್ತವ ಮೂಲಗಳಿಲ್ಲ" ಎಂದು ಬರೆದು ಕೆಳಗೊಂದು ಗೆರೆ ಎಳೆದರೆ ಪೂರ್ತಿ ಅಂಕ. ಪಿಯುಸಿಗೆ ಕಾಲಿಟ್ಟ ಕೂಡಲೇ ಅದೇ ಲೆಕ್ಕಕ್ಕೆ 5 + ಐ√15 ಮತ್ತು 5 − ಐ√15 ಅನ್ನುವ ಉತ್ತರ ಬರುತ್ತದೆ. ನಿನ್ನೆಯವರೆಗೂ ಇಲ್ಲದ ಉತ್ತರ ಇವತ್ತು ಎಲ್ಲಿಂದ ಬಂತು?

ಉತ್ತರವನ್ನು ಸ್ವಲ್ಪ ಹೊತ್ತು ಸುಮ್ನೆ ನೋಡಿ. 20 ಮೀಟರ್ ತಂತಿಯಲ್ಲಿ ಸಿಗುವ ಅತಿ ದೊಡ್ಡ ಆಯತ 5 × 5ರ ಚೌಕ. ಅದು 25 ಚದರ ಮೀಟರ್. ನಮಗೆ ಬೇಕಾಗಿದ್ದು 40. ಕೊರತೆ 15. ಈಗ 5 + ಐ√15ರಲ್ಲಿ ಆ 5 ಕಾಣಿಸಿತಾ? ಆ 15 ಕಾಣಿಸಿತಾ? ಮಡಿ ಮಾಡಲು ಆಗುವುದಿಲ್ಲ ಅನ್ನುವುದು ನಿಜ. ಆದರೆ ಉತ್ತರ "ಆಗಲ್ಲ" ಎಂದಷ್ಟೇ ಹೇಳುತ್ತಿಲ್ಲ. ಎಲ್ಲಿಯವರೆಗೆ ಹೋಗಬಹುದಿತ್ತು, ಅಲ್ಲಿಂದ ಎಷ್ಟು ಕಡಿಮೆ ಬಿತ್ತು ಅನ್ನುವುದನ್ನೂ ಹೇಳುತ್ತಿದೆ. ಇದೊಂದು ವಿಷಯ ತಲೆಯಲ್ಲಿರಲಿ, ಮುಂದಿನದೆಲ್ಲ ಸುಲಭ.

ಮೊದಲು ಐ ಜೊತೆ ಪರಿಚಯ

ಧನ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಧನ. ಋಣವನ್ನು ಋಣದಿಂದ ಗುಣಿಸಿದರೂ ಧನ. ಹಾಗಾದರೆ ಯಾವುದರ ವರ್ಗ −1? ಒಂಬತ್ತನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಇದಕ್ಕೆ ನೇರವಾಗಿ ಉತ್ತರ ಕೊಟ್ಟಿದ್ದಾನೆ. ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು 'ಗಣಿತಸಾರಸಂಗ್ರಹ'ದಲ್ಲಿ ಬರೆದ. ಅವನು ಹೇಳಿದ್ದು ತಪ್ಪಲ್ಲ. ಸಂಖ್ಯೆಗಳ ಗೆರೆಯ ಮೇಲೆ ನಿಂತು ನೋಡಿದರೆ ಅದು ಇವತ್ತಿಗೂ ಸರಿ. ಹತ್ತನೇ ಕ್ಲಾಸಿನಲ್ಲಿ ನಾವು ಬರೆಯುವುದೂ ಅದನ್ನೇ.

ಮುಂದಿನವರು ಮಾಡಿದ್ದು ಇಷ್ಟೇ. ಗೆರೆಯ ಮೇಲೆ ಇಲ್ಲ ತಾನೆ, ಗೆರೆಯ ಹೊರಗೆ ಒಂದನ್ನು ಇಟ್ಟುಕೊಳ್ಳೋಣ ಅಂದರು. ಅದಕ್ಕೆ ಐ ಎಂದು ಹೆಸರು. ಅದರ ಗುಣ ಒಂದೇ: ಐ² = −1. ಈ ಚಿಹ್ನೆಯನ್ನು ಬಳಕೆಗೆ ತಂದವನು ಆಯ್ಲರ್, 1777ರಲ್ಲಿ. 'ಕಾಲ್ಪನಿಕ' ಅನ್ನುವ ಹೆಸರು ಅದಕ್ಕೂ ಹಳೆಯದು, 1637ರಲ್ಲಿ ದೆಕಾರ್ತ್ ಇಟ್ಟಿದ್ದು. ನನ್ನನ್ನು ಕೇಳಿದರೆ ಆ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ನನ್ನ ಅಕ್ಕನ ಮಗಳು ಪಿಯುಸಿಯಲ್ಲಿದ್ದಾಗ ಕೇಳಿದ್ದೂ ಅದನ್ನೇ: "ಮಾಮಾ, ಕಾಲ್ಪನಿಕ ಅಂತ ಅವರೇ ಹೇಳ್ತಾರೆ, ಮತ್ಯಾಕೆ ಕಲೀಬೇಕು?" ಅವಳಿಗೆ ಹೇಳಿದ ಉತ್ತರ ಮುಂದೆ ಬರುತ್ತದೆ.

ಈಗ ಎರಡು ಪದ ಗೊತ್ತಿದ್ದರೆ ಸಾಕು. 2 + 3ಐ ಥರದ್ದು ಸಂಕೀರ್ಣ ಸಂಖ್ಯೆ. ಅದರಲ್ಲಿ 2 ವಾಸ್ತವ ಭಾಗ, 3 ಕಾಲ್ಪನಿಕ ಭಾಗ. ನಡುವಿನ ಚಿಹ್ನೆ ಮಾತ್ರ ಬದಲಾದ 2 − 3ಐ ಅದರ ಸಂಯುಗ್ಮಿ, ಅಂದರೆ ಜೋಡಿ. ಕೂಡುವಾಗ, ಗುಣಿಸುವಾಗ ಐಯನ್ನು ಯ ಇದ್ದ ಹಾಗೆಯೇ ನಡೆಸಿಕೊಳ್ಳಿ. ಐ² ಕಂಡ ಕೂಡಲೇ −1 ಹಾಕಿ.

ಹಂತ 1: ಸಮೀಕರಣವನ್ನು ಸಾಲಿಗೆ ತನ್ನಿ

ಎಲ್ಲವನ್ನೂ ಒಂದೇ ಬದಿಗೆ ತಂದು, ಇನ್ನೊಂದು ಬದಿಯಲ್ಲಿ 0 ಉಳಿಸಿ. ರೂಪ ಹೀಗಿರಬೇಕು:

ಅಯ² + ಬಯ + ಕ = 0

ಅ, ಬ, ಕ ಯಾವುವು ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ, ಚಿಹ್ನೆ ಸಮೇತ. ನಾವು ಕೈಯಲ್ಲಿ ಹಿಡಿದು ನೋಡುವ ಉದಾಹರಣೆ ಇದು:

ಯ² − 4ಯ + 13 = 0

ಅ = 1, ಬ = −4, ಕ = 13.

ಹಂತ 2: ಶೋಧಕ ಕಂಡುಹಿಡಿಯಿರಿ

ಶೋಧಕ = ಬ² − 4ಅಕ. ಇಲ್ಲಿ 16 − 52 = −36.

ಶೋಧಕ ಧನವಾದರೆ ಎರಡು ಬೇರೆ ಬೇರೆ ವಾಸ್ತವ ಮೂಲಗಳು. ಸೊನ್ನೆಯಾದರೆ ಎರಡೂ ಒಂದೇ. ಋಣವಾದರೆ ಸಂಕೀರ್ಣ ಮೂಲಗಳ ಒಂದು ಜೋಡಿ.

ಈ ಶೋಧಕ ಎಲ್ಲಿಂದ ಉದುರಿತು ಎಂದು ಒಮ್ಮೆಯಾದರೂ ನೋಡಿರಬೇಕು. ಶ್ರೀಧರಾಚಾರ್ಯನ ಉಪಾಯ ಇದೆ, ಭಿನ್ನರಾಶಿಯ ಕಾಟವೇ ಇಲ್ಲ. ಕ ಅನ್ನು ಆಚೆ ಕಳಿಸಿ, ಎರಡೂ ಬದಿಯನ್ನು 4ಅ ಇಂದ ಗುಣಿಸಿ, ಆಮೇಲೆ ಎರಡೂ ಬದಿಗೆ ಬ² ಕೂಡಿಸಿ.

4ಅ²ಯ² + 4ಅಬಯ + ಬ² = ಬ² − 4ಅಕ
(2ಅಯ + ಬ)² = ಬ² − 4ಅಕ

ಎಡಗಡೆ ಪೂರ್ಣ ವರ್ಗ ಕೂತಿತು. ಬಲಗಡೆ ಉಳಿದದ್ದೇ ಶೋಧಕ. ಅಂದರೆ ಶೋಧಕ ಎನ್ನುವುದು ಯಾವುದೋ ಒಂದರ ವರ್ಗ ಆಗಬೇಕಾದ ಸಂಖ್ಯೆ. ಅದು ಋಣವಾದರೆ ಆ 'ಯಾವುದೋ ಒಂದು' ಸಂಖ್ಯೆಗಳ ಗೆರೆಯ ಮೇಲೆ ಸಿಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ (2ಯ − 4)² = −36.

ಹಂತ 3: ಋಣದ ವರ್ಗಮೂಲದಿಂದ ಐ ಹೊರತೆಗೆಯಿರಿ

√−36 = √36 × √−1 = 6ಐ

ಒಳಗಿನ ಋಣ ಚಿಹ್ನೆ ಹೊರಗೆ ಬಂದು ಐ ಆಯಿತು. ಪೂರ್ಣ ವರ್ಗ ಅಲ್ಲದ ಸಂಖ್ಯೆ ಇದ್ದರೂ ಇದೇ ದಾರಿ. √−12 ಬಂದರೆ 12ನ್ನು 4 × 3 ಎಂದು ಒಡೆದು 2ಐ√3 ಎಂದು ಬರೆಯಿರಿ. ಐ ಅನ್ನು √ಗಿಂತ ಮುಂಚೆ ಬರೆಯುವ ಅಭ್ಯಾಸ ಒಳ್ಳೆಯದು. √3ಐ ಎಂದು ಬರೆದರೆ ಮೇಲಿನ ಗೆರೆ ಉದ್ದವಾಗಿ ಐ ಕೂಡ ಒಳಗೆ ಸೇರಿಬಿಡುತ್ತದೆ. ಸಂಜೆ ಹೊತ್ತಿಗೆ ನಿಮ್ಮ ಅಕ್ಷರ ನಿಮಗೇ ಓದಲು ಬರುವುದಿಲ್ಲ.

ಹಂತ 4: ಸೂತ್ರದಲ್ಲಿ ಹಾಕಿ, ಎರಡನ್ನೂ ಭಾಗಿಸಿ

ಯ = (−ಬ ± √ಶೋಧಕ) ÷ 2ಅ
ಯ = (4 ± 6ಐ) ÷ 2
ಯ = 2 ± 3ಐ

ಇಲ್ಲಿ 4ಕ್ಕೂ 2ರ ಭಾಗ ಹೋಗಬೇಕು, 6ಐಗೂ ಹೋಗಬೇಕು. ನಾನು ಪಿಯುಸಿ ಪರೀಕ್ಷೆಯಲ್ಲಿ 2 ± 6ಐ ಎಂದು ಬರೆದು ಬಂದವನು. ಹೊರಗೆ ಬಂದು ಗೆಳೆಯರ ಜೊತೆ ಉತ್ತರ ತಾಳೆ ನೋಡುವಾಗ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಹಂತ 5 ಮಾಡಿದ್ದರೆ ಆ ತಪ್ಪು ಪರೀಕ್ಷೆಯ ಕೋಣೆಯಲ್ಲೇ ಸಿಕ್ಕಿಬೀಳುತ್ತಿತ್ತು.

ಹಂತ 5: ತಾಳೆ ನೋಡಿ

ಉತ್ತರವನ್ನು ಸಮೀಕರಣಕ್ಕೇ ವಾಪಸ್ ಹಾಕುವುದು ಒಂದು ದಾರಿ. (2 + 3ಐ)² ಬಿಡಿಸಿದರೆ 4 + 12ಐ − 9, ಅಂದರೆ −5 + 12ಐ. ಅದಕ್ಕೆ −4(2 + 3ಐ), ಅಂದರೆ −8 − 12ಐ ಸೇರಿಸಿ, 13 ಕೂಡಿಸಿ. ಐ ಇರುವುವೆಲ್ಲ ಒಂದನ್ನೊಂದು ಹೊಡೆದುಹಾಕಿ 0 ಉಳಿಯುತ್ತದೆ.

ಇನ್ನೂ ಬೇಗ ಬೇಕಾದರೆ ಮೊತ್ತ ಮತ್ತು ಗುಣಲಬ್ಧ ನೋಡಿ. ಮೂಲಗಳ ಮೊತ್ತ −ಬ ÷ ಅ ಆಗಬೇಕು, ಗುಣಲಬ್ಧ ಕ ÷ ಅ ಆಗಬೇಕು. ಇಲ್ಲಿ ಮೊತ್ತ 2 + 2 = 4. ಗುಣಲಬ್ಧ 2² + 3² = 4 + 9 = 13. ಜೋಡಿ ಸಂಖ್ಯೆಗಳನ್ನು ಗುಣಿಸುವಾಗ ಯಾವಾಗಲೂ ಎರಡು ವರ್ಗಗಳನ್ನು ಕೂಡಿದರೆ ಸಾಕು, ಐ ತಾನಾಗಿಯೇ ಮಾಯ. ನನ್ನ 2 ± 6ಐ ಹಾಕಿ ನೋಡಿ: 4 + 36 = 40. ಐದು ಸೆಕೆಂಡಿನ ಕೆಲಸ, ತಪ್ಪು ಬಯಲು.

ಇದೇ ಗುಟ್ಟನ್ನು ತಿರುಗಿಸಿಯೂ ಬಳಸಬಹುದು. "3 + 2ಐ ಮೂಲವಾಗಿರುವ, ವಾಸ್ತವ ಸಹಗುಣಕಗಳ ವರ್ಗ ಸಮೀಕರಣ ಬರೆಯಿರಿ" ಎಂದು ಕೇಳಿದರೆ (ಸಹಗುಣಕ ಅಂದರೆ ನಮ್ಮ ಅ, ಬ, ಕ) ಜೋಡಿ 3 − 2ಐ ಇದ್ದೇ ಇರುತ್ತದೆ. ಮೊತ್ತ 6, ಗುಣಲಬ್ಧ 13. ಸಮೀಕರಣ ಯ² − 6ಯ + 13 = 0. ಪ್ರಶ್ನೆಯಲ್ಲಿ 'ವಾಸ್ತವ ಸಹಗುಣಕ' ಅನ್ನುವ ಮಾತನ್ನು ಹಾರಿಸಿ ಓದಬೇಡಿ. ಸಹಗುಣಕದಲ್ಲೇ ಐ ಇದ್ದರೆ ಜೋಡಿ ಬರಲೇಬೇಕು ಅಂತ ಇಲ್ಲ. ಯ² − ಐಯ = 0 ತೆಗೆದುಕೊಳ್ಳಿ. ಮೂಲಗಳು 0 ಮತ್ತು ಐ. ಐ ಎಂಬುದರ ಜೋಡಿ −ಐ ಅಲ್ಲಿ ಇಲ್ಲ.

ಅ ಒಂದಲ್ಲದಿದ್ದರೆ

2ಯ² + 2ಯ + 5 = 0. ಶೋಧಕ 4 − 40 = −36. ಮತ್ತೆ 6ಐ. ಆದರೆ ಈಗ ಭಾಗಿಸಬೇಕಾದ್ದು 4ರಿಂದ:

ಯ = (−2 ± 6ಐ) ÷ 4 = −1/2 ± (3/2)ಐ

ತಾಳೆ: ಗುಣಲಬ್ಧ 1/4 + 9/4 = 10/4 = 5/2. ಕ ÷ ಅ ಕೂಡ 5/2. ಸರಿ ಇದೆ.

ಚಿತ್ರದಲ್ಲಿ ಇದು ಎಲ್ಲಿದೆ?

ಇದನ್ನು ಓದಿ ಬಿಡಬೇಡಿ. ಒಂದು ಗ್ರಾಫ್ ಹಾಳೆ, ಪೆನ್ಸಿಲ್ ತೆಗೆದುಕೊಂಡು ಕೂತು ಮಾಡಿ, ಹತ್ತು ನಿಮಿಷ ಸಾಕು.

ಯ² − 4ಯ + 13ರ ಬೆಲೆಯನ್ನು ಎತ್ತರ ಎಂದುಕೊಳ್ಳಿ. ಯ 0 ಇದ್ದಾಗ ಎತ್ತರ 13. 1ಕ್ಕೆ 10. 2ಕ್ಕೆ 9. 3ಕ್ಕೆ ಮತ್ತೆ 10. 4ಕ್ಕೆ 13. 5ಕ್ಕೆ 18. −1ಕ್ಕೂ 18. ಚುಕ್ಕಿಗಳನ್ನು ಸೇರಿಸಿದರೆ ಬಟ್ಟಲಿನ ಹಾಗೆ ಮೇಲಕ್ಕೆ ಬಾಯಿ ತೆರೆದ ಪರವಲಯ. ಅದರ ತಳ ಯ = 2ರಲ್ಲಿ, 9ರ ಎತ್ತರದಲ್ಲಿ. ಕೆಳಗಿನ ಅಡ್ಡ ಅಕ್ಷವನ್ನು ಅದು ಮುಟ್ಟುವುದೇ ಇಲ್ಲ. ಮುಟ್ಟಿದ ಜಾಗವೇ ವಾಸ್ತವ ಮೂಲ. ಅದಕ್ಕೇ ಇಲ್ಲಿ ವಾಸ್ತವ ಮೂಲ ಇಲ್ಲ.

ಈಗ 9ರ ಎತ್ತರದಲ್ಲಿ ಒಂದು ಅಡ್ಡ ಗೆರೆ ಎಳೆಯಿರಿ. ಅಲ್ಲಿ ಕನ್ನಡಿ ಇಟ್ಟ ಹಾಗೆ ಬಟ್ಟಲನ್ನು ಕೆಳಕ್ಕೆ ಮಗುಚಿ ಹಾಕಿ. 10 ಇದ್ದದ್ದು 8 ಆಗುತ್ತದೆ. 13 ಇದ್ದದ್ದು 5. 18 ಇದ್ದದ್ದು 0. ಮಗುಚಿದ ಬಟ್ಟಲು ಅಕ್ಷವನ್ನು −1 ಮತ್ತು 5ರಲ್ಲಿ ಕತ್ತರಿಸಿತು. ಈ ಎರಡೂ ಜಾಗ 2ರಿಂದ ಎಷ್ಟು ದೂರ? ಮೂರು ಮೂರು ಹೆಜ್ಜೆ. 2 ± 3.

ನಮ್ಮ ಉತ್ತರ 2 ± 3ಐ. ಅದೇ 2, ಅದೇ 3. ಕಾರಣ ದೊಡ್ಡದೇನಲ್ಲ. ಮೊದಲಿನ ಬಟ್ಟಲು (ಯ − 2)² + 9, ಅದು ಸೊನ್ನೆಯಾಗಲು (ಯ − 2)² = −9 ಆಗಬೇಕು. ಮಗುಚಿದ್ದು 9 − (ಯ − 2)², ಅದಕ್ಕೆ (ಯ − 2)² = 9 ಆದರೆ ಸಾಕು. ಒಂದು ±3ಐ ಕೊಡುತ್ತದೆ, ಇನ್ನೊಂದು ±3.

ಹಾಗಾದರೆ ಐ ಮಾಡಿದ್ದೇನು? ಒಂದು ಸಂಖ್ಯೆಯನ್ನು −1ರಿಂದ ಗುಣಿಸಿದರೆ ಅದು ಸೊನ್ನೆಯ ಆಚೆಗೆ ಹೋಗುತ್ತದೆ. ಅಂದರೆ ಅರ್ಧ ಸುತ್ತು. ಐಯಿಂದ ಎರಡು ಸಲ ಗುಣಿಸಿದರೆ −1ರಿಂದ ಗುಣಿಸಿದಂತೆ. ಎರಡು ಸಲಕ್ಕೆ ಅರ್ಧ ಸುತ್ತಾದರೆ ಒಂದು ಸಲಕ್ಕೆ ಕಾಲು ಸುತ್ತು, ಅಲ್ವಾ? ಈಗ ಹಾಳೆಯ ಮೇಲೆ 2ರಲ್ಲಿ ಬೆರಳಿಟ್ಟು, −1ರಿಂದ 5ರವರೆಗಿನ ಗೆರೆಯನ್ನು ಕಾಲು ಸುತ್ತು ತಿರುಗಿಸಿ. ಒಂದು ತುದಿ 2ರ ಮೇಲಕ್ಕೆ ಮೂರು ಹೆಜ್ಜೆ, ಇನ್ನೊಂದು ಕೆಳಕ್ಕೆ ಮೂರು ಹೆಜ್ಜೆ. ಅವೇ 2 + 3ಐ ಮತ್ತು 2 − 3ಐ. ಒಂದೇ ಎಚ್ಚರ: ಈಗ ಮೇಲೆ ಕೆಳಗೆ ಅನ್ನುವುದು ಬಟ್ಟಲಿನ ಎತ್ತರವಲ್ಲ, ಐಯ ದಿಕ್ಕು. ಸಂಕೀರ್ಣ ಸಂಖ್ಯೆಗಳನ್ನು ಹೀಗೆ ಸಮತಲದ ಮೇಲೆ ಇಟ್ಟು ನೋಡುವುದನ್ನು 1797ರಲ್ಲಿ ವೆಸೆಲ್, 1806ರಲ್ಲಿ ಆರ್ಗಾಂಡ್ ತೋರಿಸಿದರು. ಸಂಖ್ಯೆಗಳ ಗೆರೆಯ ಹೊರಗೆ ಎಂದು ಆಗ ಹೇಳಿದೆನಲ್ಲ, ಆ 'ಹೊರಗೆ' ಇದೇ ಜಾಗ.

ಅ ಒಂದಲ್ಲದಿದ್ದರೆ ತಳದ ಎತ್ತರವನ್ನು ಅ ಇಂದ ಭಾಗಿಸಿ ವರ್ಗಮೂಲ ತೆಗೆಯಿರಿ. 2ಯ² + 2ಯ + 5ರ ತಳ 4.5ರ ಎತ್ತರದಲ್ಲಿದೆ. 4.5 ÷ 2 = 2.25, ಅದರ ವರ್ಗಮೂಲ 1.5. ಮೇಲೆ ಬಂದದ್ದೂ 3/2 ತಾನೆ.

"ಮತ್ಯಾಕೆ ಕಲೀಬೇಕು?"

ನಾನು ಶುರುವಿನಲ್ಲಿ ಕೊಟ್ಟ ಮಡಿಯ ಲೆಕ್ಕ ಹಳೆಯದು. 10ನ್ನು ಎರಡು ಭಾಗ ಮಾಡಿ, ಗುಣಿಸಿದರೆ 40 ಬರಲಿ ಎಂದು ಇಟಲಿಯ ಕಾರ್ಡಾನೊ 1545ರಲ್ಲಿ 'ಆರ್ಸ್ ಮ್ಯಾಗ್ನಾ'ದಲ್ಲಿ ಕೇಳಿದ್ದ. 5 + √−15, 5 − √−15 ಎಂದು ಉತ್ತರವನ್ನೂ ಬರೆದ, ಇದು ಎಷ್ಟು ಸೂಕ್ಷ್ಮವೋ ಅಷ್ಟೇ ನಿರುಪಯೋಗಿ ಎಂದೂ ಸೇರಿಸಿದ. 1572ರಲ್ಲಿ ಬೊಂಬೆಲ್ಲಿ ಬೇರೆ ಕಡೆಯಿಂದ ಬಂದ. ಯ³ = 15ಯ + 4. ಇದಕ್ಕೆ 4 ಉತ್ತರ ಎಂದು ಕಣ್ಣಿಗೇ ಕಾಣುತ್ತದೆ, 64 = 60 + 4. ಆದರೆ ಘನ ಸಮೀಕರಣದ ಸೂತ್ರದಲ್ಲಿ ಹೊರಟರೆ ದಾರಿಯಲ್ಲಿ √−121 ಅಡ್ಡ ಬರುತ್ತದೆ. ಅದಕ್ಕೆ ಹೆದರದೆ ನಿಯಮದಂತೆ ಲೆಕ್ಕ ಮಾಡಿದರೆ ಕೊನೆಗೆ ಐಗಳೆಲ್ಲ ಕರಗಿ ಅದೇ 4 ಸಿಗುತ್ತದೆ. ಸುಳ್ಳಿನ ದಾರಿಯಲ್ಲಿ ನಡೆದು ನಿಜವಾದ ಊರು ಹೇಗೆ ತಲುಪಿದರು?

ಅಕ್ಕನ ಮಗಳಿಗೆ ಈ ಕಥೆ ರುಚಿಸಲಿಲ್ಲ. ಬಾಗಿಲಿನ ಕಥೆ ರುಚಿಸಿತು. ಆಸ್ಪತ್ರೆಯ ವಾರ್ಡಿನಲ್ಲಿ, ಹೋಟೆಲಿನ ಅಡುಗೆಮನೆಗೆ ಹೋಗುವಲ್ಲಿ ಎರಡೂ ಕಡೆ ತೂಗುವ ಸ್ಪ್ರಿಂಗ್ ಬಾಗಿಲು ನೋಡಿರುತ್ತೀರಿ. ತಳ್ಳಿ ಬಿಟ್ಟರೆ ನಾಲ್ಕು ಸಲ ಆಚೀಚೆ ಆಡಿ ನಿಲ್ಲುತ್ತದೆ. ಕೆಲವು ಬಾಗಿಲು ಆಡುವುದೇ ಇಲ್ಲ, ನಿಧಾನವಾಗಿ ಬಂದು ಮುಚ್ಚಿಕೊಳ್ಳುತ್ತದೆ. ಇದರ ಚಲನೆಯ ಲೆಕ್ಕ ಕೊನೆಗೆ ಒಂದು ವರ್ಗ ಸಮೀಕರಣಕ್ಕೆ ಬಂದು ನಿಲ್ಲುತ್ತದೆ. ಅ ಅಂದರೆ ಬಾಗಿಲು ತಿರುಗಲು ತೋರಿಸುವ ಜಡತೆ, ಬ ಅಂದರೆ ತಡೆ, ಕ ಅಂದರೆ ಸ್ಪ್ರಿಂಗಿನ ಬಿಗಿ.

ಅ = 1, ಕ = 13 ಇಟ್ಟು ತಡೆಯನ್ನು ಮಾತ್ರ ಬದಲಿಸುತ್ತಾ ಹೋಗೋಣ. ತಡೆ 8 ಇದ್ದರೆ ಶೋಧಕ 64 − 52 = 12, ಧನ. ಬಾಗಿಲು ತೂಗುವುದಿಲ್ಲ, ಸುಮ್ಮನೆ ಬಂದು ಮುಚ್ಚುತ್ತದೆ. ತಡೆ 4 ಇದ್ದರೆ ಯ² + 4ಯ + 13 = 0, ಮೂಲ −2 ± 3ಐ. ಈಗ ತೂಗುತ್ತದೆ. ಎಷ್ಟು ಬೇಗ ತೂಗುತ್ತದೆ ಅನ್ನುವುದನ್ನು 3 ಹೇಳುತ್ತದೆ: ಒಮ್ಮೆ ಹೋಗಿ ಬರಲು 2π ÷ 3, ಸುಮಾರು 2.1 ಸೆಕೆಂಡು. ತೂಗಾಟ ಎಷ್ಟು ಬೇಗ ಸಾಯುತ್ತದೆ ಅನ್ನುವುದನ್ನು −2 ಹೇಳುತ್ತದೆ: ಪ್ರತಿ ಸೆಕೆಂಡಿಗೆ ಏಳನೇ ಒಂದು ಪಾಲಿಗೂ ಸ್ವಲ್ಪ ಕಡಿಮೆಗೆ ಇಳಿಯುತ್ತದೆ. ತಡೆಯೇ ಇಲ್ಲದಿದ್ದರೆ ಮೂಲ ±ಐ√13, ವಾಸ್ತವ ಭಾಗವೇ ಇಲ್ಲ. ಆ ಬಾಗಿಲು ನಿಲ್ಲುವುದೇ ಇಲ್ಲ. 'ಕಾಲ್ಪನಿಕ' ಭಾಗ ಇದ್ದ ಬಾಗಿಲೇ ಮೂಗಿಗೆ ಬಂದು ಹೊಡೆಯುವುದು ಅಂದಾಗ ಹುಡುಗಿ ನಕ್ಕಳು.

ವಿದ್ಯುತ್ತಿನ ಎಂಜಿನಿಯರುಗಳು ಇದೇ ಲೆಕ್ಕವನ್ನು ದಿನವೂ ಮಾಡುತ್ತಾರೆ. ಅವರಿಗೆ ಐ ಅಂದರೆ ಕರೆಂಟು, ಆದ್ದರಿಂದ ಜೆ ಎಂದು ಬರೆಯುತ್ತಾರೆ. ಗಾಬರಿಯಾಗಬೇಡಿ, ಎರಡೂ ಒಂದೇ.

ಜಾಸ್ತಿ ಜನ ಎಡವುವ ಜಾಗಗಳು

√−4 × √−9 ಎಷ್ಟು? ಒಳಗೆ ಗುಣಿಸಿ √36 = 6 ಎಂದರೆ ತಪ್ಪು. ಮೊದಲು ಐ ಹೊರತೆಗೆಯಬೇಕು: 2ಐ × 3ಐ = 6ಐ² = −6. ಎರಡೂ ಋಣವಾದಾಗ √ಗಳನ್ನು ಸೇರಿಸುವ ಹಳೆಯ ನಿಯಮ ನಡೆಯುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಬೇಕಂತಲೇ ಕೇಳುತ್ತಾರೆ.

ಬ ಋಣವಾಗಿದ್ದಾಗ −ಬ ಧನ ಎನ್ನುವುದು ಮರೆಯುತ್ತದೆ. ಹಾಗೆಯೇ (−4)² ಎನ್ನುವುದು 16, −16 ಅಲ್ಲ. ಶೋಧಕ ಋಣ ಬಂದ ಕೂಡಲೇ ಸಂಭ್ರಮಪಡುವ ಮುಂಚೆ ಇದೊಂದನ್ನು ಇನ್ನೊಮ್ಮೆ ನೋಡಿ. ಎಷ್ಟೋ ಸಲ 'ಸಂಕೀರ್ಣ ಮೂಲ' ಬಂದದ್ದು ಚಿಹ್ನೆಯ ತಪ್ಪಿನಿಂದ.

ಕ್ಯಾಲ್ಕುಲೇಟರಿನಲ್ಲಿ √−36 ಒತ್ತಿದರೆ 'ಮ್ಯಾತ್ ಎರರ್' ಬರಬಹುದು. ಅದು ಉತ್ತರ ಇಲ್ಲ ಅಂದದ್ದಲ್ಲ, ಆ ಮೋಡಿನಲ್ಲಿ ಆಗಲ್ಲ ಅಂದದ್ದು. ಕಾಂಪ್ಲೆಕ್ಸ್ ಮೋಡ್ ಇದ್ದರೆ ಅದಕ್ಕೆ ಬದಲಿಸಿ.

ನೀವೇ ಮಾಡಿ

ಯ² + 2ಯ + 4 = 0. (−1 ± ಐ√3 ಬರಬೇಕು. ಮಗುಚಿ ನೋಡಿ, ತಳ 3ರ ಎತ್ತರದಲ್ಲಿರುತ್ತದೆ.)

ಯ² + 9 = 0. ಇದಕ್ಕೆ ಸೂತ್ರ ಹಾಕಬೇಡಿ, ಒಂದೇ ಸಾಲು.

ಕೊನೆಯದು ಮಡಿಯದು. 40 ಚದರ ಮೀಟರ್ ಬೇಕೇ ಬೇಕು ಅಂದರೆ ಕನಿಷ್ಠ ಎಷ್ಟು ತಂತಿ ಬೇಕು? ಉದ್ದ ಅಗಲದ ಮೊತ್ತವನ್ನು ಮ ಅಂದುಕೊಳ್ಳಿ. ಸಮೀಕರಣ ಯ² − ಮಯ + 40 = 0, ಶೋಧಕ ಮ² − 160. ಮ 10 ಇದ್ದಾಗ ಅದು −60. ಮ ಹೆಚ್ಚಿಸುತ್ತಾ ಹೋದಂತೆ ಬಟ್ಟಲು ಕೆಳಗಿಳಿಯುತ್ತದೆ, ಮೂಲದ ಐ ಭಾಗ ಕುಗ್ಗುತ್ತಾ ಬರುತ್ತದೆ. ಮ² ಸರಿಯಾಗಿ 160 ಆದಾಗ, ಅಂದರೆ ಮ ಸುಮಾರು 12.65 ಆದಾಗ, ಐ ಪೂರ್ತಿ ಮಾಯವಾಗಿ ಬಟ್ಟಲಿನ ತಳ ಅಕ್ಷವನ್ನು ಮುಟ್ಟುತ್ತದೆ. ತಂತಿ ಅದರ ಎರಡರಷ್ಟು, 25.3 ಮೀಟರ್. ನಿಮ್ಮ ಹತ್ತಿರ 20 ಇದೆ. ಅಂಗಡಿಗೆ ಹೋಗಿ ಇನ್ನೂ ಐದೂವರೆ ಮೀಟರ್ ತನ್ನಿ.